ಡ್ರೈವು ಒಬ್ಬರದು, ಮೋಟರು ಇನ್ನೊಬ್ಬರದು

ಇಲ್ಲಿ ಆಫೀಸಿನ ವಿಷಯ ಬರೆಯಬಾರದು ಅಂತ ಶುರುವಿನಲ್ಲೇ ಅಂದುಕೊಂಡಿದ್ದೆ. ಮೋಟರು, ಕೇಬಲ್ಲು ಅಂತ ಬಾಯಿ ತೆಗೆದರೆ ಮನೆಯಲ್ಲೇ ಎಲ್ಲರೂ ಎದ್ದು ಹೋಗುತ್ತಾರೆ, ಇನ್ನು ನೀವು ಯಾವ ಲೆಕ್ಕ :) ಆದರೆ ಹೋದ ವಾರ ಹಳೆಯ ಸಹೋದ್ಯೋಗಿಯೊಬ್ಬ ಫೋನ್ ಮಾಡಿದ. "ಗುರೂ, ಬೇರೆ ಕಂಪನಿ ಸರ್ವೋ ಮೋಟರ್ ತಂದಿದೀವಿ. ಡ್ರೈವ್‌ನಲ್ಲಿ ಆಟೋ ಟ್ಯೂನ್ ಕೊಟ್ಬಿಟ್ರೆ ಸಾಕಲ್ವಾ?" ಸಾಕಾಗಲ್ಲ ಅಂದೆ. ಯಾಕೆ ಅಂತ ಹೇಳೋದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಫೋನ್ ಇಟ್ಟ ಮೇಲೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು, ಅದಕ್ಕೇ ಬರೆದುಬಿಡುತ್ತಿದ್ದೇನೆ. ಕಮಿಷನಿಂಗ್ ಅನ್ನೋದು ನನ್ನ ಕಸುಬು. ಕಮಿಷನ್ ಹೊಡೆಯೋದಲ್ಲ ಮತ್ತೆ, ಹೊಸದಾಗಿ ಕೂರಿಸಿದ ಯಂತ್ರವನ್ನು ಮೊದಲ ಸಲ ಓಡಿಸಿ, ಸರಿ ಮಾಡಿ ಒಪ್ಪಿಸೋದು.

ನಮ್ಮ ಲೈನಿನಲ್ಲಿ ಈ ವಿಷಯಕ್ಕೆ ಎರಡು ಪಂಗಡ ಇದೆ. ಒಂದು ಪಂಗಡದವರು, ಡ್ರೈವ್ ಯಾರದೋ ಮೋಟರೂ ಅವರದೇ ಇರಬೇಕು, ಇಲ್ಲದಿದ್ದರೆ ಮುಟ್ಟಲೇಬೇಡಿ ಅನ್ನುತ್ತಾರೆ. ಇನ್ನೊಂದು ಪಂಗಡ, ಅದೇನ್ ಮಹಾ, ಮೂರು ವೈರು ಕಟ್ಟು, ನಂಬರ್ ಹಾಕು, ಆಟೋ ಟ್ಯೂನ್ ಒತ್ತು, ಆಮೇಲೆ ಅಡ್ಜಸ್ಟ್ ಮಾಡ್ಕೋ ಅನ್ನುತ್ತದೆ. ಇಪ್ಪತ್ತು ವರ್ಷದಲ್ಲಿ ನಾನು ಎರಡು ಕಡೆಯೂ ಇದ್ದು ಬಂದಿದ್ದೇನೆ. ಈಗ ಎರಡೂ ತಪ್ಪು ಅನ್ನಿಸುತ್ತದೆ. ಮೊದಲನೆಯದು ಸಣ್ಣ ವರ್ಕ್‌ಶಾಪಿನವರ ಜೇಬಿಗೆ ಕತ್ತರಿ. ಎರಡನೆಯದು ಕೈಗೇ ಕತ್ತರಿ. ಇದು ಮಾತಿಗೆ ಹೇಳಿದ್ದಲ್ಲ, ಮುಂದೆ ಓದಿ.

ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ಮನೆಯ ಫ್ಯಾನು ಕರೆಂಟ್ ಕೊಟ್ಟರೆ ತಿರುಗುತ್ತದೆ, ಅಷ್ಟೇ. ಸರ್ವೋ ಮೋಟರ್ ಹಾಗಲ್ಲ. ಅದರ ರೋಟರಿನ ಮೇಲೆ ಮ್ಯಾಗ್ನೆಟ್‌ಗಳು, ಸುತ್ತ ಮೂರು ಫೇಸಿನ ಸುರುಳಿ, ಬೆನ್ನ ಮೇಲೆ ಎನ್‌ಕೋಡರ್. ಈಗ ರೋಟರ್ ಎಲ್ಲಿದೆ ಅಂತ ಎನ್‌ಕೋಡರ್ ಕ್ಷಣಕ್ಷಣಕ್ಕೂ ಹೇಳುತ್ತಿರಬೇಕು, ಅದನ್ನು ನೋಡಿಕೊಂಡು ಡ್ರೈವು ಯಾವ ಸುರುಳಿಗೆ ಎಷ್ಟು ಕರೆಂಟ್ ಅಂತ ಹಂಚಬೇಕು. ಮಗುವನ್ನು ಉಯ್ಯಾಲೆಯಲ್ಲಿ ತೂಗುವಾಗ ನೀವು ಯಾವ ಹೊತ್ತಿನಲ್ಲಿ ತಳ್ಳುತ್ತೀರಿ? ಹಿಂದೆ ಬಂದು ಇನ್ನೇನು ಮುಂದಕ್ಕೆ ಹೊರಡಬೇಕು ಅನ್ನುವಾಗ. ಆ ಹೊತ್ತು ತಪ್ಪಿದರೆ ಉಯ್ಯಾಲೆ ನಿಂತೀತು, ಇಲ್ಲಾ ನಿಮ್ಮ ಮುಖಕ್ಕೇ ಬಡಿದೀತು. ಡ್ರೈವು ಕೂಡ ಕಣ್ಣು ಮುಚ್ಚಿಕೊಂಡು ತಳ್ಳುತ್ತದೆ, ಎನ್‌ಕೋಡರ್ ಹೇಳಿದ್ದೇ ವೇದ. ಎನ್‌ಕೋಡರಿನ ಸೊನ್ನೆಗೂ ಮ್ಯಾಗ್ನೆಟ್ಟಿನ ಸೊನ್ನೆಗೂ ಎಷ್ಟು ಡಿಗ್ರಿ ವ್ಯತ್ಯಾಸ ಅನ್ನುವ ಒಂದು ಸಂಖ್ಯೆ ಇದೆ, ಅದಕ್ಕೆ ಕಮ್ಯುಟೇಷನ್ ಆಫ್‌ಸೆಟ್ ಅನ್ನುತ್ತಾರೆ. ಡ್ರೈವೂ ಮೋಟರೂ ಒಂದೇ ಕಂಪನಿಯದಾದರೆ ಇಂಥ ಸಂಖ್ಯೆಗಳೆಲ್ಲ ಡ್ರೈವಿನ ಪಟ್ಟಿಯಲ್ಲೋ ಎನ್‌ಕೋಡರಿನ ಮೆಮೊರಿಯಲ್ಲೋ ಮೊದಲೇ ಕೂತಿರುತ್ತವೆ. ಬೇರೆಯವರ ಮೋಟರ್ ಆದರೆ ನಾವೇ ತುಂಬಬೇಕು.

ಈಗ ಕಥೆಗೆ ಬರೋಣ. 2024ರ ಜುಲೈ. ಪೀಣ್ಯದಲ್ಲಿ ನನ್ನ ಸ್ನೇಹಿತನದೊಂದು ಪ್ರೆಸ್ ಶಾಪ್. ಕಾಯಿಲ್‌ನಿಂದ ತಗಡಿನ ಪಟ್ಟಿ ಬಿಚ್ಚಿಕೊಂಡು ಬರುತ್ತದೆ, ಎರಡು ರೋಲರ್ ನಡುವೆ ಸಿಕ್ಕಿಸಿದ ಪಟ್ಟಿಯನ್ನು ಸರ್ವೋ ಪ್ರತಿ ಹೊಡೆತಕ್ಕೂ ಅಳೆದು ಪ್ರೆಸ್ಸಿನೊಳಕ್ಕೆ ತಳ್ಳುತ್ತದೆ. ಮೋಟರಿನ ಕನೆಕ್ಟರ್ ಒಳಗೆ ಎಣ್ಣೆ ಇಳಿದು ಸುರುಳಿ ಸುಟ್ಟುಹೋಯಿತು. ಅದೇ ಕಂಪನಿಯ ಹೊಸ ಮೋಟರಿಗೆ 14 ವಾರ ಅಂದರು. ಒಂಬತ್ತು ಜನ ಕೆಲಸದವರು, ಆರ್ಡರ್ ಕೊಟ್ಟವರು ದಿನಾ ಫೋನ್ ಮಾಡುತ್ತಿದ್ದಾರೆ, 14 ವಾರ ಎಲ್ಲಿ ಕಾಯೋದು? ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯ ಸ್ಟೋರಿನಿಂದ ಇನ್ನೊಂದು ಕಂಪನಿಯ, ಪೆಟ್ಟಿಗೆಯನ್ನೇ ಒಡೆಯದ ಮೋಟರು ಸಿಕ್ಕಿತು. ಟಾರ್ಕ್ ಸಾಲುತ್ತಿತ್ತು, ವೋಲ್ಟೇಜ್ ಹೊಂದುತ್ತಿತ್ತು. ಅದೃಷ್ಟಕ್ಕೆ ಎನ್‌ಕೋಡರ್ ಎನ್‌ಡ್ಯಾಟ್, ಡ್ರೈವಿಗೂ ಆ ಭಾಷೆ ಬರುತ್ತಿತ್ತು. ಅಡಾಪ್ಟರ್ ಪ್ಲೇಟನ್ನು ಪಕ್ಕದ ಶೆಡ್ಡಿನ ಲೇತಿನವರು ಅರ್ಧ ದಿನದಲ್ಲಿ ಕಡೆದುಕೊಟ್ಟರು. ಮೆಕ್ಯಾನಿಕಲ್ ಕೆಲಸ ಯಾವತ್ತೂ ಹೀಗೇ, ಕಣ್ಣಿಗೆ ಕಾಣುತ್ತದೆ, ಹಾಗಾಗಿ ಬೇಗ ಮುಗಿಯುತ್ತದೆ.

ಡ್ರೈವ್ ಕಂಪನಿಯ ಇಂಜಿನಿಯರ್ ಫೋನಿನಲ್ಲಿ, "ನಮ್ಮ ಮೋಟರ್ ಅಲ್ಲ ಅಂದ್ರೆ ನಾವು ಬರಲ್ಲ ಸರ್" ಅಂದ. ಮೋಟರ್ ಮಾರಿದವನು, "ನಂದು ಹೊಸ ಪೀಸು ಸರ್, ತಿರುಗದಿದ್ರೆ ಡ್ರೈವ್ ನೋಡ್ಕೊಳಿ" ಅಂದ. ಸರಿ, ನಾನೇ ಹೋದೆ.

ಅವತ್ತು ನನ್ನ ಜೊತೆಗಿದ್ದವನು ಅಲ್ಲಿಯ ಎಲೆಕ್ಟ್ರಿಷಿಯನ್, ಹಾವೇರಿ ಕಡೆಯ ಹುಡುಗ, ಐಟಿಐ ಮುಗಿಸಿ ಎರಡು ವರ್ಷ. ಮೋಟರನ್ನು ಆಗಲೇ ಯಂತ್ರಕ್ಕೆ ಕೂರಿಸಿ, ಕಪ್ಲಿಂಗ್ ಬಿಗಿದು, ಪಟ್ಟಿಯನ್ನೂ ರೋಲರಿಗೆ ಸಿಕ್ಕಿಸಿ ಸಿದ್ಧ ಮಾಡಿದ್ದರು. ಸ್ನೇಹಿತ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದ. ನಾನು ಡೇಟಾಶೀಟ್ ನೋಡಿಕೊಂಡು ಸಂಖ್ಯೆಗಳನ್ನು ತುಂಬುತ್ತಾ ಹೋದೆ. ಪೋಲ್ ಅಂತಿದ್ದ ಕಡೆ 6 ಇತ್ತು, 6 ಅಂತ ಹೊಡೆದೆ. ಎನೇಬಲ್ ಕೊಟ್ಟರೆ ಮೋಟರ್ ಒಂದು ಸಲ ಕುಕ್ಕಿ, ಗುಂಯ್ ಅಂತ ನರಳಿ, ಓವರ್ ಕರೆಂಟ್ ತೋರಿಸಿ ನಿಂತಿತು. ಡೇಟಾಶೀಟಿನಲ್ಲಿದ್ದದ್ದು ಒಟ್ಟು ಧ್ರುವಗಳ ಲೆಕ್ಕ, ಡ್ರೈವು ಕೇಳುತ್ತಿದ್ದದ್ದು ಧ್ರುವ ಜೋಡಿಗಳ ಲೆಕ್ಕ. ಅಂದರೆ 3. ತಿದ್ದಿದೆ.

ಇಲ್ಲಿ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಳೇ ಮೋಟರಿನ ಕಮ್ಯುಟೇಷನ್ ಆಫ್‌ಸೆಟ್ ಡ್ರೈವಿನಲ್ಲಿ ಹಾಗೇ ಕೂತಿತ್ತು, ಅದನ್ನು ಅಳಿಸಿರಲಿಲ್ಲ. ಹುಡುಗ ರೋಲರ್ ಬಳಿ ಪಟ್ಟಿಯ ಅಂಚನ್ನು ನೇರ ಮಾಡುತ್ತಿದ್ದ, ಕೈಗೆ ಬಟ್ಟೆಯ ಗ್ಲೌಸು. "ಆಯ್ತಾ?" ಅಂದೆ, "ಹೂಂ ಸರ" ಅಂದ. ಆ "ಹೂಂ" ಯಾವುದಕ್ಕೆ ಅಂತ ನಾನು ಕೇಳಲಿಲ್ಲ. ಎನೇಬಲ್ ಒತ್ತಿದೆ. ಮೋಟರ್ ಹುಚ್ಚು ಹಿಡಿದ ಹಾಗೆ ಓಡಿತು. ಓವರ್ ಸ್ಪೀಡ್ ಅಂತ ಡ್ರೈವ್ ಟ್ರಿಪ್ ಆಗುವಷ್ಟರಲ್ಲಿ ಗ್ಲೌಸು ರೋಲರ್ ನಡುವೆ ಹೋಗಿಯಾಗಿತ್ತು. ಕೈ ಹೊರಗಿತ್ತು. ಅವನೇ ಎಳೆದುಕೊಂಡಿದ್ದ, ಗ್ಲೌಸ್ ಸಡಿಲವಾಗಿತ್ತು ಅನ್ನುವುದೊಂದೇ ಕಾರಣ.

ಯಾರೂ ಏನೂ ಮಾತಾಡಲಿಲ್ಲ. ಸ್ನೇಹಿತ ಟೀ ತರಿಸಿದ. ನನ್ನ ಲೋಟ ಹಾಗೇ ಆರಿಹೋಯಿತು.

ಏನಾಗಿತ್ತು ಅಂದರೆ, ಆಫ್‌ಸೆಟ್ ಸುಮಾರು 180 ಡಿಗ್ರಿ ತಪ್ಪಿತ್ತು. ಹಾಗಾದಾಗ ಡ್ರೈವು ಮುಂದಕ್ಕೆ ತಳ್ಳಲು ಹೋದರೆ ಮೋಟರ್ ಹಿಂದಕ್ಕೆ ಹೋಗುತ್ತದೆ. ಅಯ್ಯೋ ಹಿಂದೆ ಹೋಗ್ತಿದೆಯಲ್ಲ ಅಂತ ಡ್ರೈವು ಇನ್ನೂ ಜೋರಾಗಿ ತಳ್ಳುತ್ತದೆ, ಅದು ಇನ್ನೂ ಜೋರಾಗಿ ಹಿಂದೆ ಓಡುತ್ತದೆ. ತಿದ್ದುವ ಕೈಯೇ ಕೆಡಿಸುವ ಕೈ ಆಗಿಬಿಡುತ್ತದೆ. 90 ಡಿಗ್ರಿ ತಪ್ಪಿದ್ದರೆ ಇನ್ನೊಂದು ಥರ: ಕರೆಂಟ್ ಪೂರ್ತಿ, ಟಾರ್ಕ್ ಸೊನ್ನೆ, ಮೋಟರ್ ನಿಂತಲ್ಲೇ ಬೇಯುತ್ತದೆ. ನನಗೆ ಇವೆರಡಕ್ಕಿಂತ ಹೆಚ್ಚು ಭಯ ಆಗುವುದು 30 ಡಿಗ್ರಿ ತಪ್ಪನ್ನು ಕಂಡರೆ. ಆಗ ಯಂತ್ರ ಓಡುತ್ತದೆ, ಎಲ್ಲರೂ ಕೈ ಕುಲುಕಿ ಮನೆಗೆ ಹೋಗುತ್ತಾರೆ. ಆದರೆ ಅದೇ ಟಾರ್ಕಿಗೆ ಶೇಕಡಾ 15 ಹೆಚ್ಚು ಕರೆಂಟು, ಸುರುಳಿಯಲ್ಲಿ ಮೂರನೇ ಒಂದು ಭಾಗ ಹೆಚ್ಚು ಬಿಸಿ. ಒಂದು ವರ್ಷವೋ ಎರಡು ವರ್ಷವೋ ಆದ ಮೇಲೆ ಮೋಟರ್ ಸುಟ್ಟಾಗ, "ಬೇರೆ ಕಂಪನಿ ಮೋಟರ್ ಹಾಕಿದ್ರೆ ಇನ್ನೇನಾಗತ್ತೆ" ಅನ್ನುತ್ತಾರೆ. ಪಾಪದ ಮೋಟರ್ ಏನು ಮಾಡಿತ್ತು?

ಮಾರನೆಯ ದಿನ ಮೋಟರನ್ನು ಬಿಚ್ಚಿ ಮೇಜಿನ ಮೇಲೆ ತಂದೆವು. ಬೆಂಚ್ ವೈಸಿಗೆ ಕಚ್ಚಿಸಿ, ಡೇಟಾಶೀಟನ್ನು ಪಕ್ಕಕ್ಕಿಟ್ಟು, ಮೋಟರನ್ನೇ ಕೇಳೋಣ ಅಂತ. ಬೇಕಾದದ್ದು ಒಂದು ಡ್ರಿಲ್ ಮೆಷಿನ್, ಒಂದು ಟ್ಯಾಕೋಮೀಟರ್, ಒಂದು ಒಳ್ಳೆಯ ಮಲ್ಟಿಮೀಟರ್, ಕರೆಂಟ್ ಮಿತಿ ಇಡಬಹುದಾದ ಸಣ್ಣ ಡಿಸಿ ಸಪ್ಲೈ. ಇಷ್ಟೇ.

ಮೊದಲು ಎರಡು ಫೇಸ್ ವೈರಿನ ನಡುವೆ ಕಡಿಮೆ ಡಿಸಿ ಕೊಟ್ಟು ಹುಡುಗನಿಗೆ ಶಾಫ್ಟನ್ನು ಕೈಯಲ್ಲಿ ನಿಧಾನ ತಿರುಗಿಸಲು ಹೇಳಿದೆ. ತಿರುಗಿಸುತ್ತಾ ಹೋದ ಹಾಗೆ ಮ್ಯಾಗ್ನೆಟ್ ಒಂದೊಂದು ಕಡೆ ಟಕ್ ಅಂತ ಹಿಡಿದುಕೊಳ್ಳುತ್ತದೆ. ಅವನು ಎಣಿಸಿ, "ಒಂದು ಸುತ್ತಿಗೆ ಮೂರ ಜಾಗದಾಗ ಹಿಡೀತೈತ್ರಿ ಸರ" ಅಂದ. ಅಲ್ಲಿಗೆ ಧ್ರುವ ಜೋಡಿ ಮೂರು. ಯಾವ ಕಾಗದವೂ ಬೇಕಾಗಲಿಲ್ಲ.

ಆಮೇಲೆ ಡಿಸಿ ತೆಗೆದು, ಶಾಫ್ಟಿಗೆ ಡ್ರಿಲ್ ಜೋಡಿಸಿ 500 ಆರ್‌ಪಿಎಂನಲ್ಲಿ ತಿರುಗಿಸಿದೆವು. ತಿರುಗಿಸಿದರೆ ಮೋಟರೇ ಜನರೇಟರ್. ವೈರಿನ ತುದಿ ಮುಟ್ಟಬೇಡಿ, ಸ್ಪೀಡ್ ಹೆಚ್ಚಾದರೆ ಷಾಕ್ ಗ್ಯಾರಂಟಿ. ಮೀಟರ್ 25 ಹರ್ಟ್ಜ್, 49 ವೋಲ್ಟ್ ತೋರಿಸಿತು. 25ನ್ನು 60ರಿಂದ ಗುಣಿಸಿ 500ರಿಂದ ಭಾಗಿಸಿ, ಮತ್ತೆ ಮೂರೇ. ವೋಲ್ಟೇಜ್ ಲೆಕ್ಕದಲ್ಲಿ 1000 ಆರ್‌ಪಿಎಂಗೆ 98 ವೋಲ್ಟ್ ಆಯಿತು. ಇದರಿಂದ ಟಾರ್ಕ್ ಸ್ಥಿರಾಂಕ ತೆಗೆಯಬಹುದು, ಎರಡು ಫೇಸ್ ನಡುವಿನ ಈ ವೋಲ್ಟೇಜನ್ನು ಸುಮಾರು 60.5ರಿಂದ ಭಾಗಿಸಿದರೆ ಸಾಕು. ಬಂದದ್ದು ಆಂಪಿಯರಿಗೆ 1.62 ನ್ಯೂಟನ್ ಮೀಟರ್. ಡೇಟಾಶೀಟಿನಲ್ಲಿ ಇದ್ದದ್ದು 1.15!

ಮೀಟರ್ ಕೆಟ್ಟಿದೆಯೇನೋ ಅಂತ ಇನ್ನೊಂದು ಮೀಟರ್ ತಂದೆವು. ಅದೂ ಅಷ್ಟೇ ತೋರಿಸಿತು. ಆಮೇಲೆ ಹೊಳೆಯಿತು: 1.62ನ್ನು 1.15ರಿಂದ ಭಾಗಿಸಿದರೆ 1.41, ಎರಡರ ವರ್ಗಮೂಲ. ಅಂದರೆ ಈ ಪುಣ್ಯಾತ್ಮರು ಕರೆಂಟನ್ನೆಲ್ಲ ಅಲೆಯ ನೆತ್ತಿಯಲ್ಲಿ ಅಳೆದು ಬರೆದಿದ್ದರು, ಆರ್‌ಎಂಎಸ್ ಲೆಕ್ಕದಲ್ಲಲ್ಲ. ಡೇಟಾಶೀಟಿನ ರೇಟೆಡ್ ಕರೆಂಟ್ 8.5 ಆಂಪಿಯರ್ ಅಂದರೆ ನಮ್ಮ ಡ್ರೈವಿನ ಭಾಷೆಯಲ್ಲಿ 6 ಆಂಪಿಯರ್. ಹಿಂದಿನ ದಿನ ನಾನು ಹಾಕಿದ್ದು 8.5. ಹಾಗೇ ಬಿಟ್ಟಿದ್ದರೆ ಪೂರ್ತಿ ಲೋಡಿನಲ್ಲಿ ಸುರುಳಿ ಇಮ್ಮಡಿ ಕಾಯುತ್ತಿತ್ತು. ಗರಿಷ್ಠ ಕರೆಂಟಿನಲ್ಲೂ ಇದೇ ತಪ್ಪು ಮಾಡಿದರೆ ಇನ್ನೊಂದು ಅಪಾಯ, ಮ್ಯಾಗ್ನೆಟ್ಟುಗಳು ಶಕ್ತಿ ಕಳೆದುಕೊಳ್ಳಬಹುದು, ಅದು ತಣ್ಣಗಾದ ಮೇಲೂ ವಾಪಸ್ ಬರುವುದಿಲ್ಲ. ಡೇಟಾಶೀಟಿನಲ್ಲಿ "ಪೀಕ್" ಅನ್ನುವ ಒಂದು ಪದ ಎಲ್ಲೂ ಇರಲಿಲ್ಲ. ಒಂದೇ ಒಂದು ಪದ ಸ್ವಾಮಿ!

ರೆಸಿಸ್ಟೆನ್ಸಿನದೂ ಇದೇ ಹಾಡು. ಶೀಟಿನಲ್ಲಿ ಕೊಟ್ಟದ್ದು ಎರಡು ವೈರುಗಳ ನಡುವಿನದು, ಡ್ರೈವ್ ಕೇಳಿದ್ದು ಒಂದು ಫೇಸಿನದು, ಅಂದರೆ ಅರ್ಧ. ಇಂಡಕ್ಟೆನ್ಸ್ ಕೂಡ ಹಾಗೇ. ಅದನ್ನು ಇಮ್ಮಡಿ ಕೊಟ್ಟರೆ ಡ್ರೈವಿನ ಕರೆಂಟ್ ಲೂಪು ಇಮ್ಮಡಿ ಚುರುಕಾಗಿ ಮೋಟರ್ ಕೀರಲು ದನಿಯಲ್ಲಿ ಕಿರುಚುತ್ತದೆ. ಕಿರುಚಿತು ಅಂತ ನಾವು ಗೇನ್ ಇಳಿಸುತ್ತೇವೆ, ಗೇನ್ ಇಳಿಸಿದೆವು ಅಂತ ಅಳತೆ ತಪ್ಪುತ್ತದೆ, ಅಳತೆ ತಪ್ಪಿತು ಅಂತ ಮೋಟರಿಗೆ ಬೈಯುತ್ತೇವೆ. ಅಡ್ಜಸ್ಟ್ ಮಾಡ್ಕೋ ಪಂಗಡದ ದಿನಚರಿಯೇ ಇದು.

ಆಟೋ ಟ್ಯೂನ್ ಇರುವಾಗ ಈ ತಲೆನೋವೆಲ್ಲ ಯಾಕೆ ಅಂತ ನನ್ನ ಸಹೋದ್ಯೋಗಿ ಕೇಳಿದ್ದೂ ಇದನ್ನೇ. ಆಟೋ ಟ್ಯೂನ್ ಸುಳ್ಳಲ್ಲ, ಒಳ್ಳೆಯ ಸಾಧನ. ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಜಡತ್ವ ಎಲ್ಲ ಅಳೆಯುತ್ತದೆ. ಎಷ್ಟೋ ಡ್ರೈವ್‌ಗಳು ಆಫ್‌ಸೆಟ್ಟನ್ನೂ ತಾವೇ ಹುಡುಕುತ್ತವೆ. ಆದರೆ ಈ ಮೋಟರ್ ಎಷ್ಟು ಕರೆಂಟ್ ತಡೆಯುತ್ತದೆ, ಗರಿಷ್ಠ ವೇಗ ಎಷ್ಟು, ಒಳಗಿರುವ ಟೆಂಪರೇಚರ್ ಸೆನ್ಸರ್ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ನಾವು ಹೇಳಬೇಕು. ಮತ್ತೆ ಅಳೆಯುವುದಕ್ಕಾಗಿ ಅದು ಮೋಟರನ್ನು ಅಲ್ಲಾಡಿಸುತ್ತದೆ, ಕೆಲವು ಸಲ ಸುತ್ತಿಸುತ್ತದೆ. ಯಂತ್ರಕ್ಕೆ ಕಟ್ಟಿದ ಮೋಟರನ್ನು, ಅದರಲ್ಲೂ ಮೇಲಿಂದ ಕೆಳಗೆ ತೂಗುವ ಭಾರವನ್ನು ಎತ್ತುವ ಮೋಟರನ್ನು, ಬ್ರೇಕ್ ಬಿಡಿಸಿ ಹಾಗೆ ಅಲ್ಲಾಡಿಸಿದರೆ ಏನಾದೀತು ಯೋಚಿಸಿ.

ಸೆನ್ಸರ್ ಅಂದ ಕೂಡಲೇ ನೆನಪಾಯಿತು. ಮೇಜಿನ ಮೇಲೆ ಎಲ್ಲ ಸರಿ ಮಾಡಿ ಡ್ರೈವ್ ಆನ್ ಮಾಡಿದರೆ ಮೋಟರಿನ ತಾಪಮಾನ ಮೈನಸ್ 100 ಡಿಗ್ರಿ ಅಂತ ತೋರಿಸುತ್ತಿದೆ! ಪೀಣ್ಯದಲ್ಲಿ ಜುಲೈ ತಿಂಗಳು ತಂಪು ಅಂತ ಒಪ್ಪಿದರೂ ಇಷ್ಟೊಂದಲ್ಲ :) ಮೋಟರಿನೊಳಗೆ ಇದ್ದದ್ದು ಕೆಟಿವೈ 84, ಡ್ರೈವಿನಲ್ಲಿ ಆರಿಸಿದ್ದು ಪಿಟಿ 1000. ಕೆಟಿವೈ 25 ಡಿಗ್ರಿಯಲ್ಲಿ ಸುಮಾರು 603 ಓಮ್ ಇರುತ್ತದೆ, ಪಿಟಿ 1000 ಅಷ್ಟು ಓಮ್ ತೋರಿಸಬೇಕಾದರೆ ಮೈನಸ್ 100ಕ್ಕೆ ಹೋಗಬೇಕು. ನಕ್ಕೆವು. ಆದರೆ ಇದು ನಗುವ ವಿಷಯ ಅಲ್ಲ, ಯಾಕೆಂದರೆ ಸುರುಳಿ 150 ಡಿಗ್ರಿಯಲ್ಲಿ ಬೇಯುತ್ತಿದ್ದರೂ ಈ ಡ್ರೈವು ಇನ್ನೂ 100 ಆಗಿಲ್ಲ ಅಂತಲೇ ಅಂದುಕೊಂಡಿರುತ್ತಿತ್ತು. ತಾಪಮಾನ ಬರುತ್ತಿಲ್ಲ ಅಂತ ಆ ಸೆಟ್ಟಿಂಗನ್ನೇ ಆಫ್ ಮಾಡಿ ಹೋಗುವ ಮಹನೀಯರನ್ನು ನಾನು ಬಲ್ಲೆ.

ಕೊನೆಗೆ ಡ್ರೈವಿನಲ್ಲಿ ಕರೆಂಟ್ ಮಿತಿಯನ್ನೂ ವೇಗದ ಮಿತಿಯನ್ನೂ ಹತ್ತನೇ ಒಂದಕ್ಕೆ ಇಳಿಸಿ, ಆಫ್‌ಸೆಟ್ ಹುಡುಕಿಸಿ, ಎರಡು ದಿಕ್ಕಿನಲ್ಲೂ ಓಡಿಸಿ, ಎರಡೂ ಕಡೆ ಕರೆಂಟ್ ಒಂದೇ ಸಮ ಬರುತ್ತದೆ ಅಂತ ನೋಡಿಕೊಂಡು ಮೋಟರನ್ನು ವಾಪಸ್ ಕೂರಿಸಿದೆವು. ಸಂಜೆ ಏಳಕ್ಕೆ ಪ್ರೆಸ್ ಹೊಡೆಯಲು ಶುರುಮಾಡಿತು. ಅದೇ ಮೋಟರು ಇವತ್ತಿಗೂ ಓಡುತ್ತಿದೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ.

ಈಗ ನನ್ನ ತಕರಾರು. ಕಂಪನಿಯ ಇಂಜಿನಿಯರ್ ಬರಲ್ಲ ಅಂದದ್ದಕ್ಕೆ ಮೊದಲು ನನಗೆ ಉರಿದಿತ್ತು. ಗ್ಲೌಸು ರೋಲರಿನೊಳಗೆ ಹೋದ ಮೇಲೆ ಅವನನ್ನು ಬೈಯುವ ಹಕ್ಕು ನನಗೆ ಉಳಿಯಲಿಲ್ಲ. ಗೊತ್ತಿಲ್ಲದ ಮೋಟರಿಗೆ ಅವನು ಯಾಕೆ ಹೊಣೆ ಹೊರಬೇಕು? ನ್ಯಾಯವೇ. ಆದರೆ ಗೊತ್ತಾಗದ ಹಾಗೆ ಮಾಡಿಟ್ಟವರು ಯಾರು? ಹೈಡೆನ್‌ಹೈನ್‌ನವರ ಎನ್‌ಡ್ಯಾಟ್ ಎನ್‌ಕೋಡರುಗಳಲ್ಲಿ ಮೋಟರ್ ತಯಾರಕರು ತಮ್ಮ ಮಾಹಿತಿ ಬರೆದಿಡಲು ಅಂತಲೇ ಮೆಮೊರಿ ಇದೆ. ಸಿಕ್ ಕಂಪನಿಯ ಹೈಪರ್‌ಫೇಸ್‌ನಲ್ಲೂ ಇದೆ. ಅಂದರೆ ಮೋಟರು ತನ್ನ ಜಾತಕವನ್ನು ಬೆನ್ನ ಮೇಲೇ ಹೊತ್ತು ತಿರುಗುತ್ತದೆ. ಆದರೆ ಆ ಜಾತಕವನ್ನು ಒಬ್ಬೊಬ್ಬ ತಯಾರಕ ಒಂದೊಂದು ಕ್ರಮದಲ್ಲಿ ಬರೆಯುತ್ತಾನೆ, ಇನ್ನೊಬ್ಬರ ಡ್ರೈವಿಗೆ ಅದು ಓದಲು ಬರುವುದಿಲ್ಲ. ನಮ್ಮ ಮೋಟರಿನ ಎನ್‌ಕೋಡರಿನಲ್ಲೂ ಏನೋ ಬರೆದಿತ್ತು, ನಮ್ಮ ಡ್ರೈವಿನ ಕಣ್ಣಿಗೆ ಅದು ಬರೀ ಗೀಚು.

ಎಲ್ಲರೂ ಬಾಗಿಲು ಹಾಕಿದ್ದಾರೆ ಅಂತಲ್ಲ. ಉದಾಹರಣೆಗೆ ಸೀಮೆನ್ಸಿನ ಸಿನಾಮಿಕ್ಸ್ ಡ್ರೈವುಗಳಲ್ಲಿ (ಈ ಕಥೆಯ ಡ್ರೈವ್ ಅದಲ್ಲ) ಪಟ್ಟಿಯಲ್ಲಿಲ್ಲದ ಮೋಟರಿಗೂ ಜಾಗ ಇದೆ, ಸಂಖ್ಯೆಗಳನ್ನು ನಾವೇ ತುಂಬಬಹುದು, ಆಫ್‌ಸೆಟ್ ಹುಡುಕಲು ಬೇರೆಯೇ ಪ್ಯಾರಾಮೀಟರ್ ಇದೆ. ದಾರಿ ಬಿಟ್ಟಿದ್ದಾರೆ, ಸರಿ. ಆದರೆ ದಾರಿಯಲ್ಲಿ ತುಂಬಬೇಕಾದ ಸಂಖ್ಯೆಗಳನ್ನು ಮೋಟರಿನವರು ಕೊಡಬೇಕಲ್ಲ? ನಾನು ಕೇಳುವುದು ದೊಡ್ಡದೇನಲ್ಲ. ಒಂದು ಹತ್ತು ಸಂಖ್ಯೆ. ಧ್ರುವ ಜೋಡಿ ಎಷ್ಟು, ಕರೆಂಟ್ ಪೀಕೋ ಆರ್‌ಎಂಎಸ್ಸೋ, ರೆಸಿಸ್ಟೆನ್ಸ್ ಎರಡು ವೈರಿನದೋ ಒಂದು ಫೇಸಿನದೋ, 1000 ಆರ್‌ಪಿಎಂಗೆ ಎಷ್ಟು ವೋಲ್ಟು, ಸೆನ್ಸರ್ ಯಾವುದು, ಆಫ್‌ಸೆಟ್ ಎಷ್ಟು ಮತ್ತು ಅದನ್ನು ಯಾವ ಫೇಸಿನಿಂದ ಅಳೆದದ್ದು... ಇಷ್ಟನ್ನು ಮೋಟರಿನ ಮೇಲೆ ತಗಡಿನಲ್ಲಿ ಕೆತ್ತಲು ಏನು ಕಷ್ಟ? ಬಿಸ್ಕತ್ ಪ್ಯಾಕಿನ ಮೇಲೆ ಎಷ್ಟು ಸಕ್ಕರೆ ಎಷ್ಟು ಕೊಬ್ಬು ಅಂತ ಬರೆಯುವ ಕಾಲ ಇದು.

ಅವರು ಬರೆಯುವ ತನಕ ನಾವು ಅಳೆಯಬೇಕು, ಬೇರೆ ದಾರಿ ನನಗೆ ಕಾಣುತ್ತಿಲ್ಲ. ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ಉಳಿಸಲು ಹೋಗಿ ನಾನು ಒಬ್ಬ ಇಪ್ಪತ್ತೆರಡು ವರ್ಷದ ಹುಡುಗನ ಬೆರಳುಗಳನ್ನು ಪಣಕ್ಕಿಟ್ಟಿದ್ದೆ. ಅವತ್ತು ಗಡಿಯಾರ ನೋಡುತ್ತಿದ್ದದ್ದು ಸ್ನೇಹಿತ, ಆದರೆ ಬಟನ್ ಒತ್ತಿದ್ದು ನಾನು.

ಕಳೆದ ತಿಂಗಳು ಮತ್ತೆ ಅಲ್ಲಿಗೆ ಹೋಗಿದ್ದೆ. ಪ್ಯಾನೆಲ್ ಬಾಗಿಲಿನ ಒಳಗಡೆ ಹುಡುಗ ಒಂದು ಕಾಗದ ಅಂಟಿಸಿದ್ದಾನೆ. ಮೋಟರಿನ ಸಂಖ್ಯೆಗಳೆಲ್ಲ ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ. ಮೇಲಿನ ಎರಡು ಸಾಲು: "ಮೊದಲು ಮೋಟರ್ ಬಿಚ್ಚಿ ಟೇಬಲ್ ಮೇಲೆ ಇಡುವುದು. ರೋಲರ್ ಹತ್ತಿರ ಗ್ಲೌಸ್ ಹಾಕಬಾರದು." ಕೆಳಗೆ 1.62ರ ಪಕ್ಕದಲ್ಲಿ "ಪುಸ್ತಕದಾಗ 1.15 ಐತಿ, ಅದು ಪೀಕ್" ಅಂತ ಅಡಿಗೆರೆ ಎಳೆದಿದ್ದಾನೆ. ಕಮ್ಯುಟೇಷನ್ ಆಫ್‌ಸೆಟ್ ಅನ್ನುವ ಕಡೆ ಮಾತ್ರ ಇಂಗ್ಲಿಷ್ ಪದವನ್ನು ಹೊಡೆದುಹಾಕಿ "ಹಲ್ಲು ಕೂಡಿಸೋ ಡಿಗ್ರಿ" ಅಂತ ಬರೆದಿದ್ದಾನೆ. ಇದಕ್ಕಿಂತ ಒಳ್ಳೆಯ ಕನ್ನಡ ಪದ ನಿಮಗೆ ಹೊಳೆದರೆ ಹೇಳಿ, ಅವನಿಗೆ ತಲುಪಿಸುತ್ತೇನೆ. ನನಗಂತೂ ಹೊಳೆದಿಲ್ಲ.